ಫೈಬರ್ ಒಳಗಿನ ಗುಳ್ಳೆ

ಫೆ. 3, ಸೋಮವಾರ
ಲೇಸರ್ ಹಚ್ಚಿ ಅರ್ಧ ಗಂಟೆ ಕಾದೆ. ಹರಿಹರದ ಹೊಳೆ ನೀರು, ಅದೇ ಗಾಜಿನ ಡಬ್ಬಿ. ನೀರಿನಲ್ಲಿ ನೈಟ್ರೇಟ್ ಇದ್ದರೆ, ಚದುರಿದ ಬೆಳಕನ್ನು ಅಳೆಯುವ ರಾಮನ್ ಗ್ರಾಫಿನಲ್ಲಿ 1047ರ ಹತ್ತಿರ ಶಿಖರ ಏಳಬೇಕು. ಏಳಲಿಲ್ಲ. ಪಿಎಚ್‌ಡಿಗೆ ಸೇರಿ ಮೂರು ವರ್ಷ. ಇನ್ನೂ ಅದೇ ಸಪಾಟು ಗೆರೆ.

ಶಹಜಾದಿ ನಮ್ಮ ಲ್ಯಾಬಿಗೆ ಪಿಎಚ್‌ಡಿಗೆ ಸೇರಿ ಆರು ತಿಂಗಳು. ದಿನಾ ಹರಿಹರದಿಂದ ಬಸ್ಸು. ಇವತ್ತು ಕೇಳಿದಳು— “ಅಕ್ಕಾ, ಕೂದಲೆಳೆಯಂಥ ಗಾಜಿನ ಟೊಳ್ಳು ಫೈಬರ್‌ನಾಗೆ ನೀರು ತುಂಬಿದ್ರೆ ಹೆಂಗೆ? ಬೆಳಕು ನೀರಿನ ಜೊತೀಗೇ ಉದ್ದಕ್ಕೂ ಹೋಗ್ತೈತಲ್ಲ, ಸಿಗ್ನಲ್ ಜಾಸ್ತಿ ಬರ್ಬೇಕು.”

“ಆಗಲ್ಲ ಬಿಡು” ಅಂದೆ. ಈ ವಿಧಾನ ನಾನೂ ಓದಿದ್ದೆ, ಮೊದಲ ವರ್ಷವೇ. ಕಷ್ಟ ಎಂದು ಬಿಟ್ಟಿದ್ದೆ.

ಫೆ. 19
ಶಹಜಾದಿ ಫೈಬರ್‌ನಲ್ಲಿ ಮಾಡಿಯೇಬಿಟ್ಟಳು, ಶಿಖರ ಬಂತು. ಸೂಜಿಯಂತೆ. ಇಪ್ಪತ್ತು ಪಟ್ಟು ಸಿಗ್ನಲ್! ನಮ್ಮ ಗೈಡ್ ಬಸವಪ್ರಭು ಸರ್ ವಿಭಾಗದವರನ್ನೆಲ್ಲ ಕರೆದರು. ಅವಳಿಗೆ “ಭೇಷ್ ಕಣವಾ!” ಅಂದರು. ನನಗೆ ಒಮ್ಮೆಯೂ ಅಂದಿಲ್ಲ. ಪಿ.ಜೆ. ಬಡಾವಣೆಯಿಂದ ಪೇಡಾ ತರಲು ನನ್ನನ್ನೇ ಕಳಿಸಿದರು. ತಂದುಕೊಟ್ಟೆ. ತಿನ್ನಲಿಲ್ಲ.

ಮಾ. 6, ಬೆಳಗ್ಗೆ 10.40
ಹನ್ನೊಂದಕ್ಕೆ ಹೊರಗಿನ ತಜ್ಞರು ಬರುತ್ತಾರೆ, ಶಹಜಾದಿಯ ಪ್ರಯೋಗ ನೋಡಲು. ಕರೆತರಲು ಗೇಟಿಗೆ ಹೋಗಿದ್ದಾಳೆ. “ಫೈಬರ್ ಒಂದ್ಸಲ ನೋಡಿರ್ರಿ ಅಕ್ಕಾ.”

ಮೈಕ್ರೋಸ್ಕೋಪಿನಲ್ಲಿ ನೋಡಿದೆ. ನಡುವೆ ಒಂದು ಗಾಳಿಗುಳ್ಳೆ. ಬೆಳಕು ಅಲ್ಲೇ ಚದುರಿಹೋಗುತ್ತದೆ. ಹತ್ತು ನಿಮಿಷ ನೀರು ಹಾಯಿಸಿದರೆ ಸಾಕು.

ಹತ್ತು ನಿಮಿಷದಿಂದ ಸುಮ್ಮನೆ ಕೂತಿದ್ದೇನೆ.

ಅದೇ ದಿನ, ಸಂಜೆ
ಶಿಖರ ಏಳಲಿಲ್ಲ. ತಜ್ಞರು ವಾಚು ನೋಡಿಕೊಂಡರು. ಸರ್ ಎಲ್ಲರೆದುರೇ— “ಮೊನ್ನೆ ಬಂದಿದ್ದು ಖರೇನಾ, ಇಲ್ಲಾ ನೀನೇ ಗ್ರಾಫ್ ತಿದ್ದಿದ್ಯಾ?” ಶಹಜಾದಿ ರಂಜಾನ್ ಉಪವಾಸದಲ್ಲಿದ್ದಳು, ತುಟಿ ಒಣಗಿತ್ತು. ಆಮೇಲೆ ನನ್ನ ಹತ್ತಿರ ಬಂದಳು.

“ಫೈಬರ್ ಸರಿ ಇತ್ತಾ ಅಕ್ಕಾ?”

“ಸರಿ ಇತ್ತು.”

ಮನೆಗೆ ಬಂದು ಚೆನ್ನಾಗಿಯೇ ಉಂಡೆ…

ಮಾ. 17
ಹನ್ನೊಂದು ದಿನವಾಯಿತು, ಅವಳು ಬಂದಿಲ್ಲ. ಸರ್ ಇವತ್ತು ಅವಳ ಕೆಲಸ ನನಗೇ ಕೊಟ್ಟರು. ಬೇಕಾಗಿದ್ದು ಇದೇ ಅಲ್ಲವೇ?

ಅವಳ ನೋಟ್‌ಬುಕ್ ತೆರೆದೆ. ಕೊನೆಯ ಸಾಲು: “ಫೈಬರ್ ರೂಪಕ್ಕ ನೋಡಿದ್ದಾರೆ. ಹಾಗಾಗಿ ತಪ್ಪು ಅಲ್ಲಿಲ್ಲ. ನನ್ನದೇ.”

ಮಾ. 18
ಹರಿಹರಕ್ಕೆ ಹೋಗಿದ್ದೆ. ಬಾಗಿಲಲ್ಲೇ ಹೇಳಿಬಿಟ್ಟೆ— “ಗುಳ್ಳೆ ಇತ್ತು. ನೋಡಿದ್ದೆ. ಹೇಳಲಿಲ್ಲ.”

“ಯಾಕ ಅಕ್ಕಾ?”

“ಹೊಟ್ಟೆಕಿಚ್ಚು.”

“ನನಗೆ ಹೇಳಿದ್ರೆ ಏನಾಗ್ತೈತೆ? ಸರ್‌ಗೆ ಹೇಳ್ರಿ.” ಅಳಲಿಲ್ಲ, ಬೈಯಲಿಲ್ಲ. ನಾನಾಗಿದ್ದರೆ ಊರೆಲ್ಲ ಕೂಗಾಡುತ್ತಿದ್ದೆ. ಅದಕ್ಕೂ ಹೊಟ್ಟೆ ಉರಿಯಿತು.

ಮಾ. 19, ಬೆಳಗ್ಗೆ 9.50
ಸರ್ ಕೋಣೆಯ ಹೊರಗೆ, ಬೆಂಚಿನ ಮೇಲೆ. ಒಳಗೆ ಫೋನಿನಲ್ಲಿದ್ದಾರೆ. ಕೇಳಿ, ನಿನಗೆ ಗೈಡ್ ಆಗಿರಲ್ಲ ಎಂದುಬಿಟ್ಟರೆ ನನ್ನ ಮೂರು ವರ್ಷ ನೀರುಪಾಲು. ಈಗಲೂ ಎದ್ದು ಹೋಗಬಹುದು, ಯಾರೂ ನೋಡಿಲ್ಲ…

ಫೋನ್ ಇಟ್ಟರು. “ಯಾರದು ಹೊರಗೆ? ರೂಪಶ್ರೀನಾ? ಬಾರವಾ.”

ಏಳುತ್ತಿದ್ದೇನೆ. ಮೊದಲ ಮಾತು ಇದೇ— “ಗುಳ್ಳೆ ಇತ್ತು, ಸರ್.”