ಬೆಳ್ಳಮ್ಮನಿಗೆ ಹಾಕಿದ ಶಕ್ತಿಸೂಜಿ

ತೀರ್ಥಹಳ್ಳಿ
೨೧ ಆಗಸ್ಟ್ ೧೯೮೩

ಪ್ರೀತಿಯ ತಮ್ಮ ವೆಂಕಟರಾಮನಿಗೆ, ಮನೋರಮಕ್ಕನ ಆಶೀರ್ವಾದಗಳು.

ಕಳೆದ ತಿಂಗಳು, ನಾಟಿಯ ಹೊತ್ತಿನಲ್ಲಿ, ಗದ್ದೆ ಕೆಲಸದ ಬೆಳ್ಳಮ್ಮ ಧನುರ್ವಾಯುವಿನಿಂದ ಸತ್ತಳು. ಊರು ಹಣೆಬರಹ ಎನ್ನುತ್ತಿದೆ. ನಾನು ನಿನ್ನ ತಪ್ಪು ಎನ್ನುತ್ತೇನೆ. ಒಂದೇ ಊರಿನಲ್ಲಿದ್ದೂ ಕಾಗದ ಬರೆಯುತ್ತಿದ್ದೇನೆ. ಎದುರು ಕೂತರೆ ನೀನು ಕಾಫಿ ತರಿಸಿ ಮಾತು ತೇಲಿಸುತ್ತೀಯ.

ಎಪ್ಪತ್ತೊಂದರಲ್ಲಿ ಡಾಕ್ಟರ್ ಶಾಪು ತೆರೆದಾಗ ನೀನು ಹೀಗಿರಲಿಲ್ಲ. ನೆಗಡಿ ಜ್ವರಕ್ಕೆ ಗಂಜಿ ಕುಡಿದು ಮಲಗಿ ಎಂದು ಕಳಿಸುತ್ತಿದ್ದೆ. "ಸೂಜಿ ಹಾಕ್ದೇ ಇರೋ ಡಾಕ್ಟ್ರು ಎಂತಾ ಡಾಕ್ಟ್ರು ಮಾರಾಯ್ರೇ?" ಎಂದು ಜನ ನಕ್ಕರು. ನೀನು ಸೋತೆ. ಈಗ ಕೊಯ್ಲು ಮುಗಿಯಿತೆಂದರೆ ಗಟ್ಟಿಮುಟ್ಟಾದ ಯಜಮಾನರೆಲ್ಲ ಶಕ್ತಿಗೆಂದು ನಿನ್ನಲ್ಲಿ ಗ್ಲೂಕೋಸ್ ಬಾಟ್ಲಿ ಹಾಕಿಸಿಕೊಂಡು ಮಲಗುತ್ತಾರೆ. ಖಾಲಿ ಬಾಟ್ಲಿ, ನಳಿಗೆ, ಸೂಜಿ ಎಲ್ಲ ಹಿತ್ತಲ ಚರಂಡಿಗೆ. ಮೊದಲ ಮಳೆಗೆ ಅವು ಕೆಳಗಿನ ಗದ್ದೆಗಿಳಿಯುತ್ತವೆ, ಉಳಿದದ್ದು ತುಂಗೆಗೆ.

ಆ ಗದ್ದೆಯಲ್ಲೇ ಬೆಳ್ಳಮ್ಮನ ಕಾಲಿಗೆ ಗಾಜು ಹೊಕ್ಕಿದ್ದು. ಚೂರನ್ನು ನಾನೇ ನೋಡಿದೆ. ಬಾಟ್ಲಿಯ ಬಾಯಿ, ರಬ್ಬರ್ ಬಿರಡೆ ಇನ್ನೂ ಅಂಟಿಕೊಂಡಿತ್ತು. ಧನುರ್ವಾಯು ಸೂಜಿ ಹಾಕಿಸಿಕೋ ಎಂದು ನಿನ್ನಲ್ಲಿಗೆ ಅಟ್ಟಿದವಳೂ ನಾನೇ. ಸಂಜೆ ನಗುತ್ತ ಬಂದಳು: "ಸೂಜಿ ಆಯ್ತು ಟೀಚರಮ್ಮ, ಇನ್ನೆಂತಾ ಹೆದ್ರಿಕೆ? ನಾಳೆ ನಾಟಿಗೆ ಹೋಗ್ತೀನಿ."

ವಾರ ಕಳೆದು ದವಡೆ ಕಚ್ಚಿಕೊಂಡಿತು. ಗಂಟಲಲ್ಲಿ ಗಂಜಿ ಇಳಿಯಲಿಲ್ಲ. ಶಿವಮೊಗ್ಗಕ್ಕೆ ಒಯ್ದರೂ ಉಳಿಯಲಿಲ್ಲ.

ತಿಥಿಯ ಮರುದಿನ ನಿನ್ನನ್ನು ಕೇಳಿದೆ. ನೀನೆಂದೆ: "ಧನುರ್ವಾಯುವಿನ ಟೀಟಿ ಖಾಲಿಯಾಗಿತ್ತು ಅಕ್ಕ. ಬರಿಗೈಲಿ ಕಳ್ಸಿದ್ರೆ ಬೇಜಾರ್ ಮಾಡ್ಕೋತಿದ್ಲು. ಶಕ್ತಿ ಸೂಜಿ ಹಾಕಿ ಕಳ್ಸಿದೆ."

ಬೇಜಾರು! ಸರ್ಕಾರಿ ಆಸ್ಪತ್ರೆ ನಡೆದು ಹೋಗುವಷ್ಟು ಹತ್ತಿರ. ಅಲ್ಲಿ ಟೀಟಿ ಇತ್ತು, ನಾನು ವಿಚಾರಿಸಿದೆ. ನೀನು ಇಲ್ಲ ಎಂದಿದ್ದರೆ ಕುಂಟುತ್ತಲಾದರೂ ಹೋಗುತ್ತಿದ್ದಳು. ಬೇಡದವರಿಗೆಲ್ಲ ಸುರಿದ ಔಷಧದ ಗಾಜು ಅವಳ ಕಾಲು ಸೀಳಿತು. ಅವಳಿಗೆ ಬೇಕಾದ ಒಂದೇ ಒಂದು ಔಷಧದ ದಾರಿಯನ್ನು ನಿನ್ನ ಬೇಡದ ಸೂಜಿ ಮುಚ್ಚಿತು.

ಬರುವ ಭಾನುವಾರ ಶಾಲೆಯ ಅಂಗಳದಲ್ಲಿ ಗದ್ದೆಯವರೆಲ್ಲ ಸೇರುತ್ತಾರೆ. ಬಾ. ಚರಂಡಿಯ ಗಾಜನ್ನು ಯಾರು ತೆಗೆಯುತ್ತಾರೆ, ಇನ್ನು ಮುಂದೆ ಯಾರಿಗೆ ಸೂಜಿ, ಯಾರಿಗೆ ಗಂಜಿ, ಎಲ್ಲರೆದುರು ಹೇಳು.

ನಿನ್ನ ಅಕ್ಕ,
ಮನೋರಮಾ

ಮರೆತ ಮಾತು: ಬೆಳ್ಳಮ್ಮನ ಗಂಡ ಧರ್ಮಪ್ಪನಿಗೆ ಇದೊಂದೂ ಗೊತ್ತಿಲ್ಲ. "ಡಾಕ್ಟ್ರಯ್ಯ ಕೈಲಾದ್ದು ಮಾಡಿದ್ರು" ಎಂದು ನಿನಗೆ ಕೊಡಲು ಬಾಳೆಗೊನೆ ಹಣ್ಣಿಗೆ ಹಾಕಿದ್ದಾನೆ, ಭಾನುವಾರ ತರುತ್ತಾನೆ. ಅದನ್ನು ಕೈಗೆ ತೆಗೆದುಕೊಳ್ಳುವ ಮೊದಲು, ಅವಳಿಗೆ ಏನು ಚುಚ್ಚಿದೆ ಎಂದು ಆ ಜನರ ಮುಂದೆ ಅವನಿಗೆ ಹೇಳುತ್ತೀಯಾ, ಇಲ್ಲವಾ?