ಕಾಲು ಗಂಟೆಗೆ ಐದು ಡಾಲರ್

ಟಾಲ್‌ಮನ್, ನೆಬ್ರಾಸ್ಕಾ
೧೮ ಅಕ್ಟೋಬರ್ ೧೯೯೪, ಮಂಗಳವಾರ

ಪ್ರೀತಿಯ ಜೋಲೀನ್ ಅಕ್ಕ,

ಮದುವೆಯಾಗಿ ಏಳು ವಾರವಾಯಿತು, ನಿನಗೆ ಒಂದು ಸಾಲೂ ಬರೆದಿಲ್ಲ. ಬೈದುಕೋ, ಎಷ್ಟು ಬೇಕಾದರೂ ಬೈದುಕೋ. ನೀನು ಹೊಲಿದು ಕಳಿಸಿದ ಕೌದಿಯನ್ನೇ ದಿನಾ ಹೊದ್ದು ಮಲಗುತ್ತೇನೆ, ಆದರೂ ಥ್ಯಾಂಕ್ಸ್ ಹೇಳಲು ಇಷ್ಟು ದಿನ ಬೇಕಾಯಿತು. ನಿನ್ನ ಕಾಲಿನ ಊತ ಇಳಿಯಿತೇ? ಪಾಪು ಒದೆಯುತ್ತಿದೆಯೇ?

ಕೀಗನ್ ಎಷ್ಟು ಒಳ್ಳೆಯವನು ಅಕ್ಕ! ನನಗೆ ಏಳಲು ಚಳಿಯಾಗುತ್ತದೆಂದು ಪ್ಯಾನ್‌ಕೇಕನ್ನು ಹಾಸಿಗೆಗೇ ತಂದುಕೊಡುತ್ತಾನೆ. ಅವನ ಜಾಕೆಟ್ಟಿಗೆ ಸದಾ ಪೆಟ್ರೋಲಿನ ವಾಸನೆ. ನನಗೆ ಅದೇ ಅತ್ತರು. ನಾನು ಮಾಡಿದ್ದೆಲ್ಲ ಅವನಿಗಾಗಿಯೇ. ಇದನ್ನು ನೀನಾದರೂ ನಂಬಬೇಕು.

ಅವನು ವಿಮಾನ ಹಾರಿಸಲು ಕಲಿಸುತ್ತಾನಾದರೂ ಯಾವ ಶಾಲೆಯ ನೌಕರನೂ ಅಲ್ಲ. ಹಾರಲು ಕಲಿಯುವವರು ಊರಾಚೆಯ ಏರ್‌ಫೀಲ್ಡಿನಲ್ಲಿ ವಿಮಾನವನ್ನು ಬಾಡಿಗೆಗೆ ಪಡೆಯುತ್ತಾರೆ, ಕಲಿಸಿದ್ದಕ್ಕೆ ಇವನ ಕೈಗೆ ದುಡ್ಡು ಕೊಡುತ್ತಾರೆ. ಇಲ್ಲಿನ ವಾಡಿಕೆ ಕೇಳಿದರೆ ನಿನಗೂ ಸಿಟ್ಟು ಬರುತ್ತದೆ. ಇಂಜಿನ್ ತಿರುಗುವಷ್ಟು ಹೊತ್ತು ಮಾತ್ರ ಓಡುವ ಒಂದು ಮೀಟರ್ ವಿಮಾನದಲ್ಲಿದೆ. ಅದು ಓಡಿದರೆ ಗಂಟೆಗೆ ಹದಿನೈದು ಡಾಲರ್. ಹಾರುವ ಮುಂಚೆ ನಕಾಶೆ ಹರಡಿಕೊಂಡು ವಿವರಿಸುವುದು, ಇಳಿದ ಮೇಲೆ ತಪ್ಪು ತಿದ್ದುವುದು, ಮಳೆ ನಿಲ್ಲಲೆಂದು ಕಾಯುವುದು, ಎಲ್ಲ ಧರ್ಮಕ್ಕೆ. ಬೆಳಿಗ್ಗೆ ಏಳಕ್ಕೆ ಹೋದವನು ಸಂಜೆ ಆರಕ್ಕೆ ಬಂದು ಮೂರು ಗಂಟೆಯ ಕೂಲಿ ಮೇಜಿನ ಮೇಲಿಡುತ್ತಿದ್ದ.

ನಾನು ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡಿದವಳಲ್ಲವೇ? ಅಲ್ಲಿ ಬಾಯಿ ತೆರೆದು ಕುಳಿತ ಪ್ರತಿ ಕಾಲು ಗಂಟೆಗೂ ಬಿಲ್ಲು. ಹಾಗಾಗಿ ಒಂದು ದರಪಟ್ಟಿ ಟೈಪ್ ಮಾಡಿದೆ. ಹಾರಿದರೆ ಗಂಟೆಗೆ ಇಪ್ಪತ್ತು, ನೆಲದ ಮೇಲಿನ ಪಾಠಕ್ಕೂ ಇಪ್ಪತ್ತು, ಫೋನಿನಲ್ಲಿ ಸಲಹೆಗೆ ಕಾಲು ಗಂಟೆಗೆ ಐದು. ಕೀಗನ್ ಕೊನೆಯ ಸಾಲಿನ ಮೇಲೆ ಬೆರಳಿಟ್ಟು, ಹಾರುವ ದಿನ ಬೆಳಿಗ್ಗೆ ಮಾಡುವ ಫೋನಿಗೆ ಮಾತ್ರ ಕಾಸು ಬೇಡ ಅಂದ. ನಾನು ಹೂಂ ಅಂದೆ. ಆದರೆ ಅಷ್ಟನ್ನು ಸೇರಿಸಲು ಹಾಳೆಯಲ್ಲಿ ಜಾಗವಿರಲಿಲ್ಲ. ಹೊಸ ಹಾಳೆ ಟೈಪ್ ಮಾಡಲು ಸೋಮಾರಿತನ, ಹಾಗೇ ಫ್ರೇಮು ಹಾಕಿಸಿ, ವಿಮಾನ ನಿಲ್ಲಿಸುವ ಹ್ಯಾಂಗರಿನ ಬಾಗಿಲಲ್ಲಿ ತೂಗುಹಾಕಿದೆ.

ಕೀಗನ್‌ಗೆ ಹಾರಲು ಕಲಿಸಿದ ಮುದುಕ ಓರಿನ್ ಕನ್ನಡಕ ಹಣೆಗೇರಿಸಿ ಓದಿದ. “ಬಾಯಿ ಬಿಟ್ಟಿದ್ದಕ್ಕೆಲ್ಲ ಕಾಸಾ ತಾಯಿ? ನಾಳೆ ನಾನು ಕೆಮ್ಮಿದ್ರೆ ಅದಕ್ಕೂ ಒಂದು ಬಿಲ್ ಕಳ್ಸಿಬಿಡು,” ಅಂದ. ನಾವೆಲ್ಲ ನಕ್ಕೆವು. ಅವನು ನಗಲಿಲ್ಲ. “ಪೆದ್ದು ಪ್ರಶ್ನೆ ಕೇಳೋಕೆ ಇಷ್ಟು ದಿನ ಇವ್ರಿಗೆ ದುಡ್ಡು ಖರ್ಚಾಗ್ತಿರ್ಲಿಲ್ಲ. ಅದ್ಕೇ ಬದುಕಿದ್ರು,” ಅಂದು ಹೊರಟುಹೋದ. ಹೊಟ್ಟೆಕಿಚ್ಚು ಅಂದುಕೊಂಡೆ.

ಸೆಪ್ಟೆಂಬರಿನಲ್ಲಿ ಮನೆ ಬಾಡಿಗೆಯನ್ನು ತಾರೀಕಿಗೆ ಮೊದಲೇ ಕಟ್ಟಿದೆವು. ನಾನು ಕುಣಿದಾಡಿಬಿಟ್ಟೆ. ಆದರೆ ಹ್ಯಾಂಗರಿನ ಮುಂದಿನ ಬೆಂಚು ಖಾಲಿಯಾಯಿತು. ಮೊದಲೆಲ್ಲ ಇಳಿದ ಮೇಲೆ ಕಾಫಿ ಹಿಡಿದು ಗಂಟೆಗಟ್ಟಲೆ ಹರಟುತ್ತಿದ್ದವರು ಈಗ ವಾಚು ನೋಡಿಕೊಂಡು ಕಾರು ಹತ್ತುತ್ತಿದ್ದರು. ಕೀಗನ್‌ಗೂ ಸಂಕೋಚ. ಮಾತು ಶುರು ಮಾಡಿದರೆ ದುಡ್ಡು ಕೀಳುತ್ತಿದ್ದೇನೆ ಅಂದುಕೊಂಡಾರೆಂದು ಅರ್ಧಕ್ಕೇ ನಿಲ್ಲಿಸುತ್ತಿದ್ದ.

ಅವರಲ್ಲೊಬ್ಬ ಮೆರಿಟ್ ಸ್ಲಾಗಲ್. ವಯಸ್ಸು ನಲವತ್ತನಾಲ್ಕು, ಧಾನ್ಯದ ಗೋದಾಮಿನಲ್ಲಿ ಕೆಲಸ. ಬೀಜದ ಕಂಪನಿಯ ಚೀಟಿಯ ಹಿಂದೆ ಪ್ರಶ್ನೆ ಬರೆದುಕೊಂಡು ಬರುತ್ತಿದ್ದ, ಒಂದೊಂದು ಸಲ ಹನ್ನೆರಡು. ಪಟ್ಟಿ ತೂಗುಹಾಕಿದ ಮೇಲೆ ಎರಡಕ್ಕೆ ಇಳಿಯಿತು. ಉಳಿದವು ಎಲ್ಲಿ ಹೋದವು ಎಂದು ಕೀಗನ್ ಕೇಳಿದ್ದಕ್ಕೆ, “ಉಳಿದದ್ದು ನಾನೇ ಯೋಚ್ನೆ ಮಾಡ್ಕೋತೀನಿ ಬಿಡಿ,” ಅಂದನಂತೆ.

ಹೋದ ಶನಿವಾರ ಮೆರಿಟ್ ಒಬ್ಬನೇ ಎರಡು ಊರು ಮುಟ್ಟಿ ವಾಪಸು ಬರಬೇಕಿತ್ತು. ಗುರುವಿನ ಸಹಿ ಇಲ್ಲದೆ ಕಲಿಯುವವರು ಒಬ್ಬರೇ ಹಾಗೆ ಹೋಗುವಂತಿಲ್ಲ. ಶುಕ್ರವಾರ ಸಂಜೆ ಕೀಗನ್ ದಾರಿಯ ಲೆಕ್ಕವನ್ನೆಲ್ಲ ನೋಡಿ ಮೆರಿಟ್‌ನ ಹಾರಾಟದ ಪುಸ್ತಕಕ್ಕೆ ಸಹಿ ಹಾಕಿದ. ಬೆಳಿಗ್ಗೆ ಇಂಜಿನ್ ಶುರು ಮಾಡುವ ಮುಂಚೆ ಮನೆಗೆ ಫೋನ್ ಮಾಡು, ನಾನು ಹೋಗು ಅಂದರೆ ಮಾತ್ರ ಹೋಗು ಎಂದು ಎರಡೆರಡು ಸಲ ಹೇಳಿದನಂತೆ.

ಏಳೂವರೆಗೆ ಮೆರಿಟ್ ಹೊರಟ. ಪಶ್ಚಿಮದಲ್ಲಿ ಮೋಡ ಕೆಳಗೆ ಕೆಳಗೆ ಬಂತು, ಅದರ ಅಡಿಯಲ್ಲಿ ಅವನೂ ಕೆಳಗೆ ಕೆಳಗೆ ಹಾರಿದ. ಕರೆಂಟಿನ ತಂತಿ ತಗುಲಿತು. ಕಟಾವಾದ ಜೋಳದ ಹೊಲದಲ್ಲಿ ವಿಮಾನ ಬೋರಲಾಗಿ ಬಿದ್ದಿತ್ತು.

ಬದುಕಿದ್ದಾನೆ ಅಕ್ಕ. ಸೊಂಟ ಮುರಿದಿದೆ, ಶ್ವಾಸಕೋಶಕ್ಕೆ ಪೆಟ್ಟಾಗಿದೆ, ಗಂಟಲಿಗೆ ಕೊಳವೆ ಹಾಕಿ ಮಲಗಿಸಿದ್ದಾರೆ. ಬರುವ ಶುಕ್ರವಾರ ಸರ್ಕಾರದವರು ಕೀಗನ್‌ನನ್ನು ಪ್ರಶ್ನೆ ಮಾಡಲು ಬರುತ್ತಾರೆ. ಸಹಿ ಅವನದಲ್ಲವೇ? ಅವನ ಲೈಸೆನ್ಸು ಹೋಗಬಹುದು. ಲೈಸೆನ್ಸು ಹೋದರೆ ಅವನಿಗೆ ಬೇರೆ ಕೆಲಸ ಗೊತ್ತಿಲ್ಲ. ಊಟ ಬಿಟ್ಟಿದ್ದಾನೆ. ಒಂದೇ ಮಾತು: “ಒಂದು ಫೋನ್ ಮಾಡಿದ್ರೆ ಸಾಕಿತ್ತು ಕಣೆ. ಹೋಗ್ಬೇಡ ಅಂತಿದ್ದೆ, ಅಷ್ಟೇ. ಯಾಕೆ ಮಾಡ್ಲಿಲ್ಲ ಅವನು?”

ಊರಿಗೆ ಊರೇ ಮೆರಿಟ್‌ನನ್ನು ಹಟಮಾರಿ ಅನ್ನುತ್ತಿದೆ. ನಿನ್ನೆ ಅವನ ಹೆಂಡತಿ ಕಾರ್ಲಿಸ್ ಬಂದಿದ್ದಳು, ಆಸ್ಪತ್ರೆಯಿಂದ ನೇರ ನಮ್ಮ ಮನೆಗೆ. ಒಳಗೆ ಬಾ ಅಂದರೂ ಬರಲಿಲ್ಲ. “ನಮ್ಮೋನ್ದೇ ತಪ್ಪು. ಹೇಳಿದ್ ಮಾತು ಕೇಳ್ದೆ ನಿಮ್ಮ ಹೆಸರೂ ಕೆಡಿಸ್ದ,” ಅಂದು ಹದಿನೈದು ಡಾಲರ್ ನನ್ನ ಕೈಗಿಟ್ಟಳು. ಹೋದ ಶುಕ್ರವಾರದ ಮುಕ್ಕಾಲು ಗಂಟೆಯ ಪಾಠದ್ದಂತೆ. ಬೇಡವೆಂದರೂ ಬಿಡಲಿಲ್ಲ. ನೋಟು ಒದ್ದೆಯಾಗಿದ್ದವು.

ನೀನು ಹೆಚ್ಚು ಓಡಾಡಬೇಡ, ಭಾರ ಎತ್ತಬೇಡ. ಪಾಪು ಕೈಕಾಲು ಗಟ್ಟಿಯಾಗಿ, ನಿನ್ನ ಹಾಗೆ ನೇರ ಮನಸ್ಸಿನದಾಗಿ ಹುಟ್ಟಲಿ. ಚಿಕ್ಕಮ್ಮನ ಮುತ್ತು ಅದಕ್ಕೆ ಈಗಲೇ ಇರಲಿ.

ನಿನ್ನ ತಂಗಿ
ಬ್ರಿಯೆಲ್

ತಾ.ಕ.: ಈ ಹಾಳೆಯನ್ನು ಓದಿ ಸುಟ್ಟುಬಿಡು. ಮೆರಿಟ್ ಫೋನ್ ಮಾಡಿದ್ದ. ಏಳು ಗಂಟೆ ಐದು ನಿಮಿಷಕ್ಕೆ. ಕೀಗನ್ ಸ್ನಾನ ಮಾಡುತ್ತಿದ್ದ, ನಾನು ಎತ್ತಿಕೊಂಡೆ. “ಪಶ್ಚಿಮದ್ ಕಡೆ ಸ್ವಲ್ಪ ಕಪ್ಪಗಿದೆ ಮೇಡಂ, ಅವರನ್ನ ಒಂದ್ಮಾತು ಕೇಳ್ಬೇಕಿತ್ತು,” ಅಂದ. ನನಗೆ ತಮಾಷೆ. ಕ್ಲಿನಿಕ್ಕಿನ ದನಿಯಲ್ಲಿ, “ಕಾಲು ಗಂಟೆ ಅಂತ ಬರ್ಕೊಳ್ಳಲಾ ಮೆರಿಟ್?” ಅಂದೆ. ಅವನೂ ನಕ್ಕ ಅಕ್ಕ. “ಬೇಡ ಬಿಡಿ, ಅಂಥಾ ದೊಡ್ಡ ವಿಷ್ಯ ಏನಲ್ಲ,” ಅಂದು ಇಟ್ಟುಬಿಟ್ಟ. ನಾನು ಆಮೇಲೆ ಮರೆತೆ. ಸಂಜೆ ಕೀಗನ್ ನನ್ನ ಎರಡೂ ಕೈ ಹಿಡಿದು, ಫೋನ್ ಏನಾದರೂ ಬಂದಿತ್ತೇ ಎಂದು ಕೇಳಿದ. ಇಲ್ಲ ಅಂದೆ.

ಗುರುವಾರ ಮೆರಿಟ್‌ನ ಗಂಟಲ ಕೊಳವೆ ತೆಗೆಯುತ್ತಾರಂತೆ. ಅವನು ಮೊದಲ ಮಾತಾಡುವಾಗ ತಾನು ಪಕ್ಕದಲ್ಲಿರಬೇಕೆಂದು ಕೀಗನ್ ಹೊರಟಿದ್ದಾನೆ. “ನೀನೂ ಬಾ, ನೀನಿದ್ರೆ ಧೈರ್ಯ,” ಎಂದು ನನ್ನನ್ನೂ ಕರೆಯುತ್ತಿದ್ದಾನೆ.