ನಾಲ್ಕು ಊರು, ಒಂದು ನೀಲಿ ಪಾತ್ರೆ

ಪ್ಲಮ್ ಫೋರ್ಕ್, ನೆಬ್ರಾಸ್ಕಾ
ಅಕ್ಟೋಬರ್ ೧೪, ೧೯೭೯, ಭಾನುವಾರ, ಊಟವಾದ ಮೇಲೆ

ನನ್ನ ಮುದ್ದಿನ ಟ್ವೈಲಾ,

ಹೇಗಿದ್ದೀಯ ಕೂಸೇ? ರಾತ್ರಿ ನಿದ್ದೆ ಬರುತ್ತಿದೆಯೇ, ಇಲ್ಲ ಇನ್ನೂ ಅಡುಗೆಮನೆಯ ಕುರ್ಚಿಯಲ್ಲೇ ಬೆಳಗು ಮಾಡುತ್ತೀಯೋ? ನೋರಾಳ ಕೆಮ್ಮು ಹೋಯಿತೇ? ಮಲಗುವ ಮುಂಚೆ ಮಗುವಿನ ಎದೆಗೆ ಹೆಬ್ಬಾತಿನ ಕೊಬ್ಬು ಸವರಿ ಮೇಲೆ ಉಣ್ಣೆ ಬಟ್ಟೆ ಕಟ್ಟಬೇಕಂತೆ, ನಿನ್ನ ಬ್ಲಾಂಚ್ ಅತ್ತೆ ಬರೆಯಲು ಹೇಳಿದ್ದಾಳೆ. ನೀನೇ ನರ್ಸು, ನಿನಗೆ ಹೇಳಿಕೊಡುವುದಕ್ಕೆ ನಾವು ಯಾರು ಎಂದೆ. ಆದರೂ ಬರೆಯಿರಿ ಎಂದಳು, ಬರೆದಿದ್ದೇನೆ. ನನ್ನ ಆರೋಗ್ಯದ ಬಗ್ಗೆ ಚಿಂತೆ ಬೇಡ. ಹೋದ ತಿಂಗಳು ಡಾಕ್ಟರು ನನ್ನ ಎದೆಗೆ ಕೊಳವೆ ಇಟ್ಟು ಕೇಳಿ, ಇಂಥ ಗುಂಡಿಗೆ ಎತ್ತುಗಳಿಗೆ ಮಾತ್ರ ಇರುತ್ತದೆ ಎಂದರು. ಬ್ಲಾಂಚ್ ಅದು ಹೊಗಳಿಕೆಯಲ್ಲ ಎನ್ನುತ್ತಾಳೆ. ಎತ್ತು ಕಟ್ಟಿ ಹೊಲ ಉತ್ತವನಿಗೆ ಗೊತ್ತು ಅದು ಎಂಥ ಹೊಗಳಿಕೆ ಎಂದು.

ಊರಲ್ಲಿ ಈ ಸಲ ಪಾಪ್‌ಕಾರ್ನ್ ಜೋಳ ಬಂಗಾರದ ಹಾಗೆ ಬಂದಿದೆ. ಲಾರಿ ಓಡಿಸುವ ಕೆಲಸ ಬಿಟ್ಟು ಮೂರು ವರ್ಷವಾಯಿತಾದರೂ ಕಣಜದ ಮುಂದೆ ಗಾಡಿಗಳು ಸಾಲು ನಿಂತರೆ ನನ್ನ ಬಲಗಾಲು ತಾನಾಗಿಯೇ ಆಕ್ಸಿಲರೇಟರ್ ಹುಡುಕುತ್ತದೆ. ಮುಖ್ಯ ಸುದ್ದಿ ಏನೆಂದರೆ, ನಿನ್ನ ಅಮ್ಮನ ನೀಲಿ ಪಾತ್ರೆ ತಿರುಗಿ ತಿರುಗಿ ನಮ್ಮ ಮನೆಗೇ ಬಂದಿದೆ. ಅದೇ, ಬಿಳಿ ಚುಕ್ಕೆಯ ದೊಡ್ಡ ಎನಾಮಲ್ ಪಾತ್ರೆ, ಮುಚ್ಚಳದ ಹಿಡಿ ಸೊಟ್ಟಗಿರುವುದು. ಏಪ್ರಿಲ್‌ನಲ್ಲಿ ನಿನ್ನ ವೆಂಡೆಲ್‌ನನ್ನು ಇಲ್ಲಿ ಮಣ್ಣು ಮಾಡಿದ ದಿನ ಚರ್ಚಿನ ನೆಲಮಾಳಿಗೆಯ ಊಟಕ್ಕೆ ಬ್ಲಾಂಚ್ ಅದರಲ್ಲೇ ಹಂದಿಮಾಂಸ ಬೇಯಿಸಿ ಒಯ್ದಿದ್ದಳು. ಗಡಿಬಿಡಿಯಲ್ಲಿ ಯಾರೋ ಅದನ್ನು ಮನೆಗೆ ಒಯ್ದರು. ಖಾಲಿ ಪಾತ್ರೆ ವಾಪಸು ಕೊಡುವ ಪದ್ಧತಿ ನಮ್ಮಲ್ಲಿ ಇಲ್ಲವಲ್ಲ, ಹಾಗಾಗಿ ಅವರು ತುಂಬಿಸಿ ಇನ್ನೊಬ್ಬರಿಗೆ ಕೊಟ್ಟರು, ಅವರು ತುಂಬಿಸಿ ಮತ್ತೊಬ್ಬರಿಗೆ. ಬೇಸಿಗೆಯೆಲ್ಲ ಹೆರಿಗೆಯ ಮನೆ, ಕಾಲು ಮುರಿದವರ ಮನೆ, ಹೊಸ ಪಾದ್ರಿಯ ಮನೆ ಎಂದು ಊರೆಲ್ಲ ಸುತ್ತಿ ಹೋದ ವಾರ ವ್ಲಾಸ್ತಾ ಜಿಕ್ಮುಂಡ್ ಕೈಯಲ್ಲಿ ಹುಳಿ ಕೋಸು ತುಂಬಿಕೊಂಡು ನಮ್ಮ ಬಾಗಿಲಿಗೆ ಬಂತು. ಪಾತ್ರೆ ತೊಳೆದು ಬೋರಲು ಹಾಕಿದಾಗ ತಳದಲ್ಲಿ ನಿನ್ನ ಅಮ್ಮ ಉಗುರಿನ ಬಣ್ಣದಲ್ಲಿ ಬರೆದ 'ಲಿಬ್ಬಿ' ಕಂಡಿತು. ನನ್ನ ತಂಗಿಯ ಅಕ್ಷರ ಯಾವತ್ತೂ ಬಲಕ್ಕೆ ವಾಲಿಕೊಂಡೇ ಇರುತ್ತಿತ್ತು. ಬ್ಲಾಂಚ್ ಅದರ ಮೇಲೆ ಬೆರಳಾಡಿಸಿ, "ಇದು ಇನ್ನು ಊರು ಸುತ್ತಿದ್ದು ಸಾಕು. ಟ್ವೈಲಾಗೆ ಸೇರಬೇಕಾದ್ದು. ಆದ್ರೆ ಖಾಲಿ ಕೊಡೋ ಹಾಗಿಲ್ಲ ನೋಡಿ," ಎಂದಳು. ತುಂಬಿದ ಪಾತ್ರೆಯನ್ನು ಅಂಚೆಯಲ್ಲಿ ಹಾಕಲಾಗುತ್ತದೆಯೇ? ಪೋಸ್ಟ್ ಮಾಸ್ತರ್ ಓಟೋನನ್ನು ಕೇಳಿದೆ. ಅವನು ಕನ್ನಡಕದ ಮೇಲಿಂದ ನೋಡಿ ಕಿಟಕಿ ಮುಚ್ಚಿದ.

ಈಗ ನಿನ್ನ ಕಾಗದಕ್ಕೆ ಬರುತ್ತೇನೆ. ಡಿಸೆಂಬರ್ ಒಳಗೆ ವೆಂಡೆಲ್‌ಗೆ ಕೊಟ್ಟಿದ್ದ ವಾಯುಸೇನೆಯ ಮನೆ ಬಿಡಬೇಕು, ನಾಲ್ಕು ಊರಿನ ಆಸ್ಪತ್ರೆಗಳಲ್ಲಿ ಕೆಲಸ ಸಿಕ್ಕಿದೆ, ಈ ತಿಂಗಳ ಕೊನೆಗೆ ಒಂದಕ್ಕೆ ಹೂಂ ಎನ್ನಬೇಕು ಎಂದು ಬರೆದಿದ್ದೀಯ. ಆಮೇಲೆ ನೀನು ಬರೆದ ಒಂದು ಸಾಲನ್ನು ನಾನು ಬ್ಲಾಂಚ್‌ಗೆ ಎರಡು ಸಲ ಓದಿದೆ. "ಮಾಮ, ದೇಶವೆಲ್ಲ ನೋಡಿದವನು ನೀನು. ಯಾವ ಊರಲ್ಲಿದ್ರೆ ನಾನು ಮತ್ತೆ ನಗೋದು ಕಲೀತೀನಿ, ಹೇಳು." ಕೂಸೇ, ಸರಿಯಾದ ಮನುಷ್ಯನನ್ನೇ ಕೇಳಿದ್ದೀಯ. ನಾನು ಎಂಟನೇ ಕ್ಲಾಸಿನವರೆಗೆ ಒಂದೇ ಕೋಣೆಯ ಶಾಲೆಯಲ್ಲಿ ಓದಿದವನು ನಿಜ, ಆದರೆ ಭೂಗೋಳದಲ್ಲಿ ಕ್ಲಾಸಿಗೇ ಮೊದಲಿಗ. ಕ್ಲಾಸಿನಲ್ಲಿ ನಾನು ಮತ್ತು ಓಟೋ ಇಬ್ಬರೇ ಇದ್ದೆವು ಎಂಬುದು ಬೇರೆ ಮಾತು. ನಮ್ಮ ಗೋಡೆಯ ನಕ್ಷೆಯಲ್ಲಿ ಇಲಿ ಕಡಿದು ನ್ಯೂಯಾರ್ಕೇ ಇರಲಿಲ್ಲ. ದೊಡ್ಡವನಾದ ಮೇಲೆ ಲಾರಿ ಓಡಿಸಿಕೊಂಡು ಹೋಗಿ ನೋಡಿ ಬಂದು, "ಊರು ಇದ್ದೇ ಇದೆ, ಮಿಸ್," ಎಂದು ನಮ್ಮ ಹಳೆಯ ಟೀಚರಿಗೆ ವರದಿ ಒಪ್ಪಿಸಿದವನು ನಾನು. ದೇಶದ ಜನ ಸಿನೆಮಾ ನೋಡುತ್ತ ಕೈತುಂಬ ಪಾಪ್‌ಕಾರ್ನ್ ಮುಕ್ಕುತ್ತಾರಲ್ಲ, ಅದರಲ್ಲಿ ಅರ್ಧ ನನ್ನ ಲಾರಿಯಲ್ಲೇ ಹೋದದ್ದು. ಅರ್ಧ ಅಲ್ಲ, ಒಂದು ಪಾಲು ಎಂದು ಬರೆಯಿರಿ ಎಂದು ಬ್ಲಾಂಚ್ ಬೆನ್ನ ಹಿಂದಿನಿಂದ ತಿದ್ದುತ್ತಿದ್ದಾಳೆ. "ಹುಡುಗಿ ಕೇಳಿರೋದು ಊರಿನ ಸಮಾಚಾರ ಕಣ್ರೀ, ನಿಮ್ಮ ಪರಾಕ್ರಮ ಅಲ್ಲ," ಎಂದೂ ಹೇಳುತ್ತಿದ್ದಾಳೆ. ಎರಡೂ ಬೇರೆ ಬೇರೆ ಎಂದು ಅವಳು ತಿಳಿದಿರುವುದೇ ತಪ್ಪು.

ಮೊದಲು ಸ್ಯಾನ್ ಫ್ರಾನ್ಸಿಸ್ಕೋ. ಆ ಊರನ್ನು ದೇವರು ಸಮತಟ್ಟಾಗಿ ಹಾಸಿಟ್ಟು, ಒಣಗುವ ಮೊದಲೇ ಯಾರೋ ಮುದುಡಿಸಿದ ಹಾಗಿದೆ. ಅಂಥ ಏರಿನಲ್ಲಿ ತುಂಬಿದ ಲಾರಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ನಿದ್ದೆಯನ್ನೂ ಹೊಡೆದು ಎದ್ದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ. ಜುಲೈ ತಿಂಗಳಲ್ಲಿ ಬರೀ ಅಂಗಿಯಲ್ಲಿ ಹೋಗಿ ಗಡಗಡ ನಡುಗಿ ಸ್ವೆಟರ್ ಕೊಂಡೆ, ಅದನ್ನು ಬ್ಲಾಂಚ್ ಈಗ ಕೋಳಿಗಳಿಗೆ ಕಾಳು ಹಾಕುವಾಗ ತೊಡುತ್ತಾಳೆ. ನಾವು ಇಲ್ಲಿ ಎದುರಿಗೆ ಬಂದವರಿಗೆಲ್ಲ ಸ್ಟೀರಿಂಗ್ ಮೇಲಿಂದ ಒಂದು ಬೆರಳೆತ್ತುತ್ತೇವಲ್ಲ, ಅಲ್ಲೂ ಹಾಗೇ ಮಾಡಿದೆ. ಇಡೀ ಬೀದಿಗೆ ಬೆರಳೆತ್ತಿದರೂ ಯಾರೂ ತಿರುಗಿ ನೋಡಲಿಲ್ಲ, ಕೊನೆಯಲ್ಲಿ ತರಕಾರಿ ಅಂಗಡಿಯ ಮಿಸ್ಟರ್ ಲಮ್ ಮಾತ್ರ ಮೂಲಂಗಿ ಹಿಡಿದ ಕೈಯನ್ನೇ ಎತ್ತಿದರು. ಆಮೇಲೆ ಪ್ರತಿ ಸಲ ನಾನು ಹೋದಾಗ ಅವರು ಅಂಗಡಿಯ ಹೊರಗೆ ನನಗೊಂದು ಸ್ಟೂಲ್ ಹಾಕುತ್ತಿದ್ದರು. ನೀನು ನರ್ಸಿಂಗ್ ಪಾಸಾದ ಸುದ್ದಿ ಹೇಳಿದಾಗ, "ನಮ್ಮ ಹುಡುಗೀನೂ ಪಾಸಾದಳು ಅನ್ನಿ," ಎಂದು ಒಂದು ಚೀಲ ಕಿತ್ತಳೆ ತುಂಬಿಸಿ ಕೊಟ್ಟಿದ್ದರು. ನೀನು ತಿಂದಿದ್ದೀಯ, ಮರೆತಿರಬಹುದು. ಅಲ್ಲಿಗೆ ಹೋದರೆ ಮೊದಲು ಅವರ ಅಂಗಡಿಗೆ ಹೋಗು. ಸಂಜೆ ಮಂಜು ಇಳಿದು ಎದುರುಮನೆಯೇ ಕಾಣದ ಹಾಗಾಗುತ್ತದೆ. ಅಂಥ ಹೊತ್ತಿಗೆ ಕಣ್ಣು ಒದ್ದೆಯಾದರೂ ಯಾರಿಗೂ ತಿಳಿಯುವುದಿಲ್ಲ, ಅದೂ ಒಂದು ಅನುಕೂಲವೇ.

ನ್ಯೂ ಆರ್ಲಿಯನ್ಸ್ ಬೇರೆಯೇ ಬಗೆ. ಅಲ್ಲಿ ನದಿ ಮೇಲೆ ಹರಿಯುತ್ತದೆ, ಊರು ಕೆಳಗಿದೆ, ಅದರ ಬಗ್ಗೆ ಯಾರಿಗೂ ಭಯವಿದ್ದ ಹಾಗೆ ಕಾಣಲಿಲ್ಲ. ಮೊದಲ ಸಲ ಹೋದಾಗ ಬೀದಿಯಲ್ಲಿ ವಾದ್ಯದವರ ಮೆರವಣಿಗೆ ಬರುತ್ತಿತ್ತು. ತುತ್ತೂರಿ, ಡೋಲು, ಛತ್ರಿ, ಕರವಸ್ತ್ರ. ನಮ್ಮ ಪೋಲ್ಕಾ ಕುಣಿತದ ಕಾಲು ನಿನಗೆ ಗೊತ್ತಲ್ಲ, ನಿಲ್ಲುತ್ತದೆಯೇ? ಲಾರಿ ಬೀಗ ಹಾಕಿ ಹಿಂದೆ ಸೇರಿಕೊಂಡು ಎರಡು ಬೀದಿ ಕುಣಿದೆ. ಪಕ್ಕದಲ್ಲಿದ್ದ ಮುದುಕಿಯನ್ನು ಯಾರ ಮದುವೆ ಎಂದು ಕೇಳಿದೆ. "ಮದುವೆ ಅಲ್ಲ ಮಗನೇ, ಈಗ ತಾನೇ ನನ್ನ ತಮ್ಮನ್ನ ಮಣ್ಣಲ್ಲಿಟ್ಟು ಬರ್ತಿದೀವಿ," ಎಂದಳು. ನನ್ನ ಟೋಪಿ ತಾನಾಗಿ ಕೈಗೆ ಬಂತು. ಹೊರಟುಹೋಗುತ್ತೇನೆ ಎಂದರೆ ಅವಳು ನನ್ನ ತೋಳು ಬಿಡಲಿಲ್ಲ. "ಗುರುತಿಲ್ಲದೋರು ಅವನಿಗೋಸ್ಕರ ಇಷ್ಟು ಬೆವರಿದಾರೆ ಅಂದ್ರೆ ಅವನಿಗೆ ಸಂತೋಷಾನೇ. ನಡಿ, ಊಟ ಇದೆ," ಎಂದಳು. ಅನ್ನ ಮತ್ತು ಕೆಂಪು ಹುರುಳಿಕಾಯಿಯ ಬೀಜ ಬಡಿಸಿದರು. ಆ ಊರಲ್ಲಿ ದುಃಖವನ್ನು ಒಳಗೆ ಬೀಗ ಹಾಕಿ ಇಡುವುದಿಲ್ಲ ಟ್ವೈಲಾ, ಬೀದಿಯಲ್ಲಿ ಎತ್ತಿಕೊಂಡು ನಡೆಯುತ್ತಾರೆ, ಸುಸ್ತಾದರೆ ಪಕ್ಕದವರು ಸ್ವಲ್ಪ ದೂರ ಹೊರುತ್ತಾರೆ. ನಿನಗೆ ಒಗ್ಗಬಹುದು. ಸೆಕೆ ಮಾತ್ರ ಒದ್ದೆ ಕಂಬಳಿ ಹೊದ್ದ ಹಾಗೆ.

ಡುಲೂತ್ ನೋರಾಗೆ ಹೇಳಿ ಮಾಡಿಸಿದ ಊರು. ಕಣ್ಣು ಹರಿದಷ್ಟು ದೂರ ಸರೋವರ, ಆಚೆ ದಡವೇ ಕಾಣದು. ಕಬ್ಬಿಣದ ಅದಿರು ತುಂಬಿದ ಹಡಗು ಬಂದು ದೊಡ್ಡದಾಗಿ ಕೊಂಬು ಊದಿದರೆ, ಸೇತುವೆ ತಾನೂ ಕೊಂಬು ಊದಿ ಉತ್ತರ ಕೊಟ್ಟು, ಆಮೇಲೆ ಇಡೀ ಸೇತುವೆಗೆ ಸೇತುವೆಯೇ ಮೇಲೆದ್ದು ದಾರಿ ಬಿಡುತ್ತದೆ. ನಾನು ಒಂದು ಸಲ ಲಾರಿಯ ಹಾರ್ನ್ ಬಾರಿಸಿ ನೋಡಿದೆ. ಸೇತುವೆ ನನಗೂ ಉತ್ತರ ಕೊಟ್ಟಿತು. ಬ್ಲಾಂಚ್ ನಗುತ್ತಿದ್ದಾಳೆ, ಆದರೂ ಕೊಟ್ಟಿತು. ಚಳಿ ಎಷ್ಟೆಂದರೆ ಅಲ್ಲಿ ಮೀಸೆ ಬಿಟ್ಟವನು ಬಾಯಿ ತೆರೆಯುವ ಮೊದಲು ಒಲೆಯ ಪಕ್ಕ ಸ್ವಲ್ಪ ಹೊತ್ತು ನಿಲ್ಲಬೇಕು. ಆದರೆ ಹಿಮ ಬಿದ್ದ ಬೆಳಿಗ್ಗೆ ನಿನ್ನ ಮನೆಯ ಮುಂದಿನದನ್ನು ನೀನು ಏಳುವ ಮೊದಲೇ ಯಾರೋ ಗೋರಿ ಹೋಗಿರುತ್ತಾರೆ, ಯಾರು ಎಂದು ಕೇಳಿದರೆ ಹೇಳುವುದಿಲ್ಲ. ಅಂಥ ಜನ.

ನಾಲ್ಕನೆಯದು ನಮ್ಮ ನೆಬ್ರಾಸ್ಕಾದ್ದೇ ಒಮಾಹಾ. ನೀನೇ ಕಾಗದದ ಅಂಚಿನಲ್ಲಿ ಪೆನ್ಸಿಲ್‌ನಲ್ಲಿ ಬರೆದು, ಮುಂದೆ ಪ್ರಶ್ನೆ ಚಿಹ್ನೆ ಹಾಕಿದ್ದೀಯ. ಅದರ ಬಗ್ಗೆ ಬರೆಯುವುದೇನಿದೆ? ಮಂಜಿಲ್ಲ, ವಾದ್ಯವಿಲ್ಲ, ಸೇತುವೆಗಳಿಗೆ ಮಾತು ಬರುವುದಿಲ್ಲ. ಗಾಳಿ ತಿರುಗಿದ ದಿನ ದನದ ಸಂತೆಯ ವಾಸನೆ. ಅದನ್ನು ಬಿಟ್ಟುಬಿಡೋಣ.

ಪ್ಲಮ್ ಫೋರ್ಕ್‌ಗೆ ಬಾ ಎಂದು ಮಾತ್ರ ನಾನು ಹೇಳುವುದಿಲ್ಲ. ಇಲ್ಲಿ ಆಸ್ಪತ್ರೆಯಿಲ್ಲ, ಇರುವ ಒಬ್ಬ ವೈದ್ಯರೂ ದನದವರು. ಮೇಲಾಗಿ ಏಪ್ರಿಲ್‌ನಲ್ಲಿ ನೀನು ಹಾಲು ತರಲು ಅಂಗಡಿಗೆ ಹೋಗಿ ಬರಿಗೈಯಲ್ಲಿ ಬಂದದ್ದು ನನಗೆ ನೆನಪಿದೆ. "ಎಲ್ರೂ ತಲೆ ಓರೆ ಮಾಡ್ಕೊಂಡು ನೋಡ್ತಾರೆ ಮಾಮ, ನಾನು ಒಡೆದ ತಟ್ಟೆ ಅನ್ನೋ ಹಾಗೆ," ಎಂದೆ. ಅವರು ಪ್ರೀತಿಯಿಂದಲೇ ನೋಡುವುದು, ಆದರೆ ಪ್ರೀತಿಯೂ ಭಾರ ಆಗುವ ದಿನಗಳು ಇರುತ್ತವೆ. ಹಾಗಾಗಿ ಆ ಮೂರರಲ್ಲಿ ಒಂದನ್ನು ಆರಿಸಿಕೋ. ಎಲ್ಲಿ ಹೋದರೂ ನೀನು ನಗುತ್ತೀಯ, ನನಗೆ ನಂಬಿಕೆ ಇದೆ. ಚಿಕ್ಕವಳಿದ್ದಾಗ ನೀನು ನಗಲು ಶುರು ಮಾಡಿದರೆ ಬಿಕ್ಕಳಿಕೆ ಬರುವ ತನಕ ನಿಲ್ಲಿಸುತ್ತಿರಲಿಲ್ಲ. ಅಂಥದ್ದು ಎಲ್ಲಿಗೂ ಹೋಗುವುದಿಲ್ಲ, ಸ್ವಲ್ಪ ದಿನ ಅಟ್ಟದ ಮೇಲೆ ಇರುತ್ತದೆ ಅಷ್ಟೇ.

ವೆಂಡೆಲ್‌ನ ಪಕ್ಕದಲ್ಲಿ ಬ್ಲಾಂಚ್ ಟ್ಯುಲಿಪ್ ಗಡ್ಡೆ ನೆಟ್ಟಿದ್ದಾಳೆ, ನಿನ್ನ ಅಮ್ಮನ ಪಕ್ಕದಲ್ಲೂ. ವಸಂತಕ್ಕೆ ಬರುತ್ತವೆ. ನೋರಾಳ ಎರಡೂ ಕೆನ್ನೆಗೆ ನನ್ನ ಮುತ್ತು, ಗಡ್ಡ ಚುಚ್ಚದಂತೆ ಕೊಡು. ದೇವರು ನಿಮ್ಮಿಬ್ಬರನ್ನೂ ಚಳಿಗಾಳಿಯಿಂದ ಕಾಪಾಡಲಿ, ಸುಳ್ಳು ಹೇಳುವ ಮನೆ ಮಾಲೀಕರಿಂದಲೂ.

ಇಡೀ ಜಿಲ್ಲೆಯಲ್ಲಿ ನಿನ್ನ ಅತಿ ಸುಂದರ ಮಾಮ,
ಎಮಿಲ್ ಕುಬಿಚೆಕ್

ಮರೆತಿದ್ದೆ: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆಯದಿದ್ದರೆ ರಾತ್ರಿಯ ಊಟ ಹಾಕುವುದಿಲ್ಲ ಎಂದು ನಿನ್ನ ಅತ್ತೆ ಕುಳಿತಿದ್ದಾಳೆ. ಗುರುವಾರ ನಾನು ಒಮಾಹಾಕ್ಕೆ ಹೋಗಿದ್ದೆ. ಬ್ಲಾಂಚ್ ನೀಲಿ ಪಾತ್ರೆಯಲ್ಲಿ ಹಂದಿಮಾಂಸ, ಹಿಟ್ಟಿನ ಕಡುಬು, ಕೋಸು ಎಲ್ಲ ತುಂಬಿಸಿಕೊಟ್ಟಳು. ರಾಶಿಯ ಕಾಲದಲ್ಲಿ ನನ್ನ ಅಮ್ಮ ಹೊಲಕ್ಕೆ ಊಟ ಕಳಿಸುತ್ತಿದ್ದ ಹಾಗೆ ಬಿಸಿ ಆರದಂತೆ ಮರದ ಪೆಟ್ಟಿಗೆಗೆ ಹುಲ್ಲು ತುರುಕಿ, ನಡುವೆ ಪಾತ್ರೆ ಇಟ್ಟು, ಮೇಲೆ ಕೌದಿ ಹೊದಿಸಿ, ಬೆಳಿಗ್ಗೆ ಹೊರಟು, ಮಧ್ಯಾಹ್ನದ ಹೊತ್ತಿಗೆ ನಿನಗೆ ಕೆಲಸ ಸಿಕ್ಕಿರುವ ಆಸ್ಪತ್ರೆಯ ಮುಂದೆ ಗಾಡಿ ನಿಲ್ಲಿಸಿ ಮುಚ್ಚಳ ತೆಗೆದೆ. ಕನ್ನಡಕಕ್ಕೆ ಆವಿ ಹಿಡಿದು ನನಗೆ ಏನೂ ಕಾಣಲಿಲ್ಲ. ಇಲ್ಲಿ ಗಾಡಿ ನಿಲ್ಲಿಸಬಾರದು ಎಂದು ಹೇಳಲು ಬಂದ ಕಾವಲಿನವರು, ಲೂಥರ್ ಎಂದು ಹೆಸರು, ಎರಡು ತಟ್ಟೆ ಉಂಡರು. ಯಾರಿಗೆ ತಂದದ್ದು ಎಂದು ಕೇಳಿದರು. ನಮ್ಮ ಹುಡುಗಿಗೆ, ಆದರೆ ಅವಳು ಇನ್ನೂ ಬಂದಿಲ್ಲ ಎಂದೆ. "ಹಾಗಾದ್ರೆ ಬೇಗ ಬಾ ಅಂತ ಹೇಳಿ, ಅವಳ ಪಾಲು ನಾನು ತಿನ್ನೋದು ಸರಿಯಲ್ಲ," ಎಂದರು. ಆಮೇಲೆ ಪಾತ್ರೆಯನ್ನು ತಾವೇ ಒಳಗೆ ಒಯ್ದು ತೊಳೆದು, ತಮ್ಮ ಊಟದ ಡಬ್ಬಿಯಲ್ಲಿದ್ದ ಸಿಹಿಗೆಣಸಿನ ಕಡುಬನ್ನು ಅದರಲ್ಲಿಟ್ಟು ವಾಪಸು ತಂದರು. ನಾನು ಹೇಳಿಕೊಟ್ಟಿರಲಿಲ್ಲ. ಅರ್ಧ ನಾನು ದಾರಿಯಲ್ಲಿ ತಿಂದೆ, ನಿನಗೆಂದು ಎತ್ತಿಟ್ಟ ಅರ್ಧವನ್ನು ಬ್ಲಾಂಚ್ ತಿಂದಳು. ನೀನು ಯಾವ ಊರು ಆರಿಸಿಕೊಂಡರೂ ಪಾತ್ರೆ ನಾನೇ ತಂದು ಕೊಡುತ್ತೇನೆ, ಗಾಡಿಗೆ ಹೊಸ ಟೈರ್ ಹಾಕಿಸಿದ್ದೇನೆ. ಬಿಸಿಯಾಗಿ ಬೇಕೆಂದರೆ ಮಾತ್ರ ಒಮಾಹಾ.